ಮಾಯವಾದ ಬ್ಯಾಂಡ್ ಏನನ್ನು ಹೇಳುತ್ತದೆ?

ವೇದಿಕೆಯ ಹಿರಿಯರಿಗೂ ಎದುರಿಗಿರುವ ಸಂಶೋಧನಾ ವಿದ್ಯಾರ್ಥಿಗಳಿಗೂ ನಮಸ್ಕಾರ. ಈಗಷ್ಟೇ ಪೋಸ್ಟರ್‌ಗಳನ್ನು ನೋಡಿಕೊಂಡು ಬಂದೆ. ಪ್ರೋಟೀನುಗಳನ್ನು ತೂಕದಂತೆ ಜೆಲ್‌ನಲ್ಲಿ ಬೇರ್ಪಡಿಸಿ, ಮೆಂಬ್ರೇನ್ ಎಂಬ ಹಾಳೆಗಿಳಿಸಿ, ಬೇಕಾದ ಪ್ರೋಟೀನನ್ನು ಹಿಡಿಯುವ ಆಂಟಿಬಾಡಿ ಹಾಕಿದರೆ ಅದು ಅಂಟಿದ ಕಡೆ ಗೆರೆ ಮೂಡುತ್ತದೆ, ಅದೇ ಬ್ಯಾಂಡ್. ಹಲವು ಕಡೆ ಅದೇ ಜೋಡಿ ಚಿತ್ರ: ಎಡಕ್ಕೆ ಕಪ್ಪು ಬ್ಯಾಂಡ್, ಬಲಕ್ಕೆ ಖಾಲಿ ಮೆಂಬ್ರೇನ್, ಕೆಳಗೆ ‘ಬ್ಲಾಕಿಂಗ್ ಪೆಪ್ಟೈಡ್ ಹಾಕಿದಾಗ ಬ್ಯಾಂಡ್ ಮಾಯ, ಆದ್ದರಿಂದ ಆಂಟಿಬಾಡಿ ನಿರ್ದಿಷ್ಟ’ ಎಂಬ ಒಕ್ಕಣೆ. ನಿರ್ದಿಷ್ಟ ಎಂದರೆ ತನ್ನ ಗುರಿಯ ಪ್ರೋಟೀನನ್ನು ಮಾತ್ರ ಹಿಡಿಯುವುದು. ನನ್ನ ತಕರಾರು ಆ ‘ಆದ್ದರಿಂದ’ದ ಮೇಲೆ.

ವಿಧಾನ ನಿಮಗೆ ಗೊತ್ತಿರುವುದೇ. ಮೊಲಕ್ಕೆ ಯಾವ ಪೆಪ್ಟೈಡ್ (ಪ್ರೋಟೀನಿನ ಚಿಕ್ಕ ತುಣುಕು) ಚುಚ್ಚಿ ಆಂಟಿಬಾಡಿ ಪಡೆದರೋ ಅದನ್ನೇ ಆಂಟಿಬಾಡಿಗೆ ಧಾರಾಳವಾಗಿ ಬೆರೆಸಿ, ರಾತ್ರಿಯಿಡೀ 4 ಡಿಗ್ರಿಯಲ್ಲಿಟ್ಟು, ಮರುದಿನ ಮೆಂಬ್ರೇನಿನ ಒಂದು ತುಂಡಿಗೆ ಆ ಮಿಶ್ರಣ, ಇನ್ನೊಂದಕ್ಕೆ ಬರೀ ಆಂಟಿಬಾಡಿ. ಎರಡಕ್ಕೂ ಎಕ್ಸ್‌ಪೋಷರ್ ಒಂದೇ ಇರಲಿ. ಇದನ್ನು ಯಾರಿಗೆ ಹೇಳುತ್ತಿದ್ದೇನೆಂದು ಅವರಿಗೆ ಗೊತ್ತು.

ಈ ಸಭಾಂಗಣದಲ್ಲಿ ‘ಮಂಜುನಾಥ’ ಎಂದು ಕೂಗಿದರೆ ನಾಲ್ವರಾದರೂ ಎದ್ದು ನಿಲ್ಲುತ್ತಾರೆ. ನನ್ನ ಬಾಯಿ ಮುಚ್ಚಿಸಿ, ನಾಲ್ವರೂ ಕುಳಿತೇ ಇರುತ್ತಾರೆ. ಅಷ್ಟಕ್ಕೇ ನಾಲ್ವರೂ ನನ್ನಿಂದ ಸಾಲ ಪಡೆದ ಮಂಜುನಾಥನೇ ಎಂದಾಯಿತೇ? ಪೆಪ್ಟೈಡ್ ಮಾಡುವುದು ಬಾಯಿ ಮುಚ್ಚಿಸುವ ಕೆಲಸ, ಅಷ್ಟೇ. ಆಂಟಿಬಾಡಿ ತನ್ನ ಪೆಪ್ಟೈಡನ್ನು ಹಿಡಿಯುತ್ತದೆ ಎಂಬುದು ಅದರಿಂದ ಗೊತ್ತಾಗುತ್ತದೆ. ಮೆಂಬ್ರೇನಿನ ಮೇಲೆ ಅದು ಹಿಡಿದದ್ದು ಯಾವ ಪ್ರೋಟೀನನ್ನು ಎಂಬುದು ಗೊತ್ತಾಗುವುದಿಲ್ಲ.

ಎರಿತ್ರೋಪೊಯೆಟಿನ್ ಕಥೆ ಕೇಳಿ. ಅದೊಂದು ಹಾರ್ಮೋನ್, ರಕ್ತಹೀನತೆಗೆ ಕೊಡುವ ಔಷಧವೂ ಹೌದು, ಕ್ಯಾನ್ಸರ್ ರೋಗಿಗಳಿಗೂ ಕೊಡುತ್ತಿದ್ದರು. 2003ರಲ್ಲಿ ‘ಲ್ಯಾನ್ಸೆಟ್’ನಲ್ಲಿ ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್ ಕುರಿತ ಒಂದು ಪ್ರಯೋಗದ ಫಲಿತಾಂಶ ಬಂತು. ಔಷಧ ಪಡೆದವರಲ್ಲೇ ಗಡ್ಡೆ ಹೆಚ್ಚಾಗಿ ಹತೋಟಿ ತಪ್ಪಿತ್ತು. ಹಾಗಾದರೆ ಗಡ್ಡೆಯಲ್ಲೇ ಈ ಹಾರ್ಮೋನಿನ ರಿಸೆಪ್ಟರ್, ಅಂದರೆ ಅದನ್ನು ಹಿಡಿದುಕೊಳ್ಳುವ ಪ್ರೋಟೀನ್, ಇದೆಯೇ? ಸಿ-20 ಎಂಬ ಆಂಟಿಬಾಡಿ ಹಾಕಿ ನೋಡಿದವರು ‘ಇದೆ’ ಎಂದರು. ಆದರೆ ರಿಸೆಪ್ಟರಿನ ಲೆಕ್ಕದ ತೂಕ 56-57 ಕಿಲೋಡಾಲ್ಟನ್, ಬ್ಯಾಂಡ್ ಬಂದದ್ದು 66ರಲ್ಲಿ! ‘ಪ್ರೋಟೀನಿಗೆ ಸಕ್ಕರೆ ಅಂಟಿಕೊಂಡಿರಬೇಕು’ ಎನ್ನುವುದು ನಮ್ಮ ವೃತ್ತಿಯ ಹಳೆಯ ಸಮಾಧಾನ. 2006ರಲ್ಲಿ ‘ಬ್ಲಡ್’ ಪತ್ರಿಕೆಯಲ್ಲಿ ಬರೆದವರು ಆ ಸಮಾಧಾನಕ್ಕೆ ಜೋತುಬೀಳಲಿಲ್ಲ. ಜೆಲ್‌ನಲ್ಲಿದ್ದ ಪ್ರೋಟೀನಿನ ಅನುಕ್ರಮವನ್ನೇ ಓದಿದರು. ಸಿಕ್ಕಿದ್ದು ಎಚ್‌ಎಸ್‌ಪಿ-70, ಕೋಶಕ್ಕೆ ಬಿಸಿ ತಾಗಿದರೆ ಹೆಚ್ಚುವ ಪ್ರೋಟೀನ್. ಸಿ-20 ತಯಾರಿಸಲು ಬಳಸಿದ ಪೆಪ್ಟೈಡನ್ನು ಹೋಲುವ ತುಣುಕು ಅದರಲ್ಲಿತ್ತು. ಬರೆದವರು ಆ ಬಗೆಯ ಔಷಧ ಮಾರುವ ಆಮ್ಜೆನ್ ಕಂಪನಿಯವರು, ಅನುಮಾನ ಪಡುವವರು ಪಡಲಿ. ಅನುಕ್ರಮ ಮಾತ್ರ ಯಾರ ಸಂಬಳಕ್ಕೂ ಬದಲಾಗುವುದಿಲ್ಲ.

ಇಂಥ ಹೋಲಿಕೆಯಿಂದ ಬಂದ ಬ್ಯಾಂಡನ್ನೂ ಬ್ಲಾಕಿಂಗ್ ಪೆಪ್ಟೈಡ್ ಅಳಿಸಿಯೇ ಅಳಿಸುತ್ತದೆ. ನಾಲ್ಕನೇ ಮಂಜುನಾಥ ಕುಳಿತ ಹಾಗೆ. ಉಪಯೋಗವೇ ಇಲ್ಲ ಎನ್ನುತ್ತಿಲ್ಲ. ಸಾಕಷ್ಟು ಪೆಪ್ಟೈಡ್ ಹಾಕಿದ ಮೇಲೂ ಉಳಿಯುವ ಬ್ಯಾಂಡ್ ನಿಮ್ಮದಲ್ಲ. ಮೊದಲ ಆಂಟಿಬಾಡಿಯನ್ನು ಕಾಣಿಸಲು ಮೇಲೆ ಹಾಕುವ ಸೆಕೆಂಡರಿ ಆಂಟಿಬಾಡಿಯ ಕಸವನ್ನು ಹಾಗೆ ಗುರುತಿಸಬಹುದು.

ಅಧ್ಯಕ್ಷರ ಚೀಟಿ ಬಂತು. ಸರಿ, ಮೂರು ಸ್ಲೈಡ್ ಹಾರಿಸುತ್ತೇನೆ. 2016ರಲ್ಲಿ ‘ನೇಚರ್ ಮೆಥಡ್ಸ್’ನಲ್ಲಿ ಆಂಟಿಬಾಡಿ ಪರೀಕ್ಷೆಗೆ ಐದು ಮಾರ್ಗಗಳನ್ನು ಸೂಚಿಸಿದರು, ಪೆಪ್ಟೈಡ್ ಆ ಐದರಲ್ಲಿಲ್ಲ. ಮೊದಲನೆಯದು ಜೀನ್ ತೆಗೆದ ನಾಕೌಟ್ ಕೋಶ: ಪ್ರೋಟೀನೇ ಇಲ್ಲದ ಕಡೆ ಬ್ಯಾಂಡ್ ಬಂದರೆ ಚರ್ಚೆಯೇ ಬೇಡ. ಆಂಟಿಬಾಡಿಗಳನ್ನು ಪರೀಕ್ಷಿಸುವ ವೈಚಾರೋಸ್ (YCharOS) ತಂಡದವರು ನಾಕೌಟ್ ಕೋಶಗಳಲ್ಲಿ 614 ಆಂಟಿಬಾಡಿಗಳನ್ನು ಪರೀಕ್ಷಿಸಿ 2023ರಲ್ಲಿ ವರದಿ ಮಾಡಿದ್ದಾರೆ. ಇಂಡೆಂಟ್ ಹಾಕುವ ಮುನ್ನ ನೋಡಿ. ನಾಕೌಟ್ ಕೊಳ್ಳಲು ಹಣವಿಲ್ಲದಿದ್ದರೆ ಆ ಪ್ರೋಟೀನಿನ ತಯಾರಿಯನ್ನು ತಗ್ಗಿಸುವ ಎಸ್‌ಐಆರ್‌ಎನ್‌ಎ ಹಾಕಿ, ಬ್ಯಾಂಡ್ ತಗ್ಗುತ್ತದೆಯೇ ಎಂದಾದರೂ ನೋಡಿ.

ಒಂದೇ ನಿಮಿಷ, ಸರ್. ಫಾಸ್ಫೇಟ್ ಅಂಟಿದ ಪ್ರೋಟೀನನ್ನು ಮಾತ್ರ ಹಿಡಿಯಬೇಕಾದ ಫಾಸ್ಫೋ ಆಂಟಿಬಾಡಿಗಳ ಮಾತು ಬಿಟ್ಟರೆ ಪೆಪ್ಟೈಡ್‌ಗೆ ಅನ್ಯಾಯವಾಗುತ್ತದೆ. ಅಲ್ಲಿ ಎರಡು ಪೆಪ್ಟೈಡ್ ತರಿಸಿ: ಫಾಸ್ಫೇಟ್ ಇರುವುದೊಂದು, ಇಲ್ಲದ್ದೊಂದು. ಮೊದಲನೆಯದು ಬ್ಯಾಂಡನ್ನು ಅಳಿಸಬೇಕು, ಎರಡನೆಯದು ಅಳಿಸಬಾರದು. ಎರಡೂ ಅಳಿಸಿದರೆ ಆ ಆಂಟಿಬಾಡಿಗೆ ಫಾಸ್ಫೇಟಿನ ಪರಿವೆಯೇ ಇಲ್ಲ. ಪ್ರಶ್ನೆಗಳನ್ನು ಊಟದ ಸಾಲಿನಲ್ಲಿ ಕೇಳಿ.