ಬಾದಾಮಿಯ ಕಲ್ಮನೆ

ಬಾದಾಮಿ ಗುಹೆಗಳ ಮೆಟ್ಟಿಲು ಹತ್ತುವುದನ್ನು ವಿಡಿಯೊದಲ್ಲಿ ನೀವೇ ನೋಡುತ್ತಿದ್ದೀರಿ, ಅದನ್ನು ಬೇರೆ ಹೇಳುವುದಿಲ್ಲ. ಇದು ಮೊದಲನೆಯ ಗುಹೆ. ಬಲಗಡೆ ನಟರಾಜ, 18 ಕೈ. ನಿಲ್ಲಿಸಿಕೊಂಡು ಎಣಿಸಿ ನೋಡಿ. ಇಡೀ ಬಾದಾಮಿಯಲ್ಲಿ ಇದನ್ನು ಮೀರಿಸುವ ಶಿಲ್ಪವಿಲ್ಲ.

ಎರಡನೆಯ ಗುಹೆ, ತ್ರಿವಿಕ್ರಮ. ಎತ್ತಿದ ಆ ಕಾಲು ನೋಡಿ!

ಇಲ್ಲಿ ಕ್ಯಾಮೆರಾ ಅಲುಗಾಡಿತಲ್ಲ, ಅದು ಕೋತಿ. ಬೆಳಿಗ್ಗೆ ಬನಶಂಕರಿ ಗುಡಿಯ ಹತ್ತಿರ ಬುಟ್ಟಿ ಇಟ್ಟುಕೊಂಡು ಕುಳಿತಿದ್ದ ಅಜ್ಜಿಯಿಂದ ನಾಲ್ಕು ಜೋಳದ ರೊಟ್ಟಿ, ಶೇಂಗಾ ಚಟ್ನಿ, ಒಂದು ಕುಡಿಕೆ ಮೊಸರು ಕಟ್ಟಿಸಿಕೊಂಡಿದ್ದೆ. ಚೀಲವನ್ನು ಕೈಯಲ್ಲಿ ತೂಗಾಡಿಸಬೇಡ ಎಂದು ಅವರು ಎರಡು ಸಲ ಹೇಳಿದ್ದರು. ಹಿಂದಿನಿಂದ ಬಂದು ಒಂದೇ ಎಳೆತಕ್ಕೆ ಕಿತ್ತುಕೊಂಡಿತು. ಕುಡಿಕೆ ಬಿದ್ದು ಒಡೆಯಿತು, ಕೆಂಪು ಕಲ್ಲಿನ ಮೇಲೆಲ್ಲ ಮೊಸರು. ರೊಟ್ಟಿಯನ್ನು ಮುರಿದು ತಿಂದಿತು, ಚಟ್ನಿಯ ಖಾರ ತಗುಲಿದ್ದೇ ತಡ, ಬಾಯಿ ಒರೆಸಿಕೊಂಡು ಪೊಟ್ಟಣವನ್ನು ಕೆಳಕ್ಕೆ ಎಸೆಯಿತು. ಆ ಅಜ್ಜಿ ನಸುಕಿನಲ್ಲಿ ಎದ್ದು ಬಡಿದ ರೊಟ್ಟಿ ಅದು, ಹೊಟ್ಟೆ ಉರಿಯಿತು. ಕೋತಿಯನ್ನು ಬೈದು ಏನು ಮಾಡುವುದು? ಫೋಟೋ ಸಿಗಲಿ ಎಂದು ಬಾಳೆಹಣ್ಣು, ಚಿಪ್ಸ್ ಕೊಟ್ಟು ರುಚಿ ಹತ್ತಿಸಿದವರು ನಾವೇ. ದಯವಿಟ್ಟು ಯಾರೂ ಏನನ್ನೂ ಕೊಡಬೇಡಿ.

ಅಯ್ಯೋ, ಮೂರನೆಯ ಗುಹೆ ಬಂದೇಬಿಟ್ಟಿತು. ನಟರಾಜನ ಬಗ್ಗೆ ಆಗ ಹೇಳಿದ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ. ಆದಿಶೇಷನ ಸುರುಳಿಯ ಮೇಲೆ ವಿಷ್ಣು ಮಲಗಿಲ್ಲ, ಕುಳಿತಿದ್ದಾನೆ, ಮನೆಯ ಯಜಮಾನ ಜಗಲಿಯ ಮೇಲೆ ಕುಳಿತ ಹಾಗೆ. ಅಣ್ಣ, ಚಾಲುಕ್ಯ ದೊರೆ ಕೀರ್ತಿವರ್ಮ ಆಳುತ್ತಿದ್ದಾಗ, 578ರಲ್ಲಿ, ತಮ್ಮ ಮಂಗಲೇಶ ಮಾಡಿಸಿದ ಗುಹೆ ಇದು. ಅವನದೇ ಒಂದು ಕನ್ನಡ ಶಾಸನವೂ ಇಲ್ಲಿದೆ. ಅದರಲ್ಲಿ ಈ ಗುಡಿಯನ್ನು ಏನೆಂದು ಕರೆದಿದ್ದಾರೆ ಗೊತ್ತೇ? ‘ಕಲ್ಮನೆ’. ಕಲ್ಲಿನ ಮನೆ, ಅಷ್ಟೇ. ಸಾವಿರದ ನಾನೂರು ವರ್ಷದ ಹಿಂದಿನ ಮಾತು, ಅರ್ಥ ಹೇಳಿಸಿಕೊಳ್ಳಬೇಕಾಗಲೇ ಇಲ್ಲ. ನನಗೆ ಮೈ ಜುಮ್ಮೆಂದಿತು. ಲಂಜಿಗೇಸರ ಎಂಬ ಊರನ್ನು ಈ ಕಲ್ಮನೆಗೆ ಬಿಟ್ಟುಕೊಟ್ಟದ್ದೂ ಅದರಲ್ಲಿದೆ, ದೇವರಿಗೆ ಹೂಮಾಲೆ ಕಟ್ಟುವವರ ಪಾಲೂ ಇದೆ. ರಾಜನ ಮಾತಿನ ನಡುವೆ ಹೂ ಕಟ್ಟುವವರು! ಆ ರೊಟ್ಟಿ ಅಜ್ಜಿಯ ನೆನಪಾಯಿತು.

ಬೆಳಕು ಇಳಿಯುತ್ತಿದೆ. ನಾಲ್ಕನೆಯದು ಜೈನ ಗುಹೆ, ಬಾಹುಬಲಿಯನ್ನು ನೋಡಿಕೊಳ್ಳಿ, ಎಷ್ಟು ನಿಶ್ಚಲ.

ಕೆಳಗೆ ಕಾಣುವುದು ಅಗಸ್ತ್ಯ ತೀರ್ಥ. ಮೆಟ್ಟಿಲ ಮೇಲೆ ಹೆಂಗಸರು ಬಟ್ಟೆ ಒಗೆಯುತ್ತಿದ್ದಾರೆ. ಆ ಸದ್ದು ಬಂಡೆಗೆ ಬಡಿದು ಇಲ್ಲಿಯವರೆಗೆ ಬರುತ್ತದೆ. ಸ್ವಲ್ಪ ಹೊತ್ತು ನಾನು ಸುಮ್ಮನಿರುತ್ತೇನೆ, ಕೇಳಿಸಿಕೊಳ್ಳಿ.