ಹಬ್ಬದ ಮನೆಯಲ್ಲಿ ಇನ್ಶೂರೆನ್ಸ್ ಪಂಚಾಯಿತಿ

ಕೇಳುಗರಿಗೆ ನಮಸ್ಕಾರ.

ಹಬ್ಬದೂಟ ಮುಗಿದು ಎಲೆಅಡಿಕೆ ತಟ್ಟೆ ಬಂದಮೇಲೆ ನಮ್ಮ ಮನೆಗಳಲ್ಲಿ ಏನೇನು ಮಾತು ಬರುತ್ತದೆ ಅಂತ ನಿಮಗೆ ಗೊತ್ತೇ ಇದೆ. ಮೊದಲು ಮಳೆ ಬೆಳೆ. ಆಮೇಲೆ ಯಾರ ಮಗಳಿಗೆ ಗಂಡು ಗೊತ್ತಾಯಿತು ಅನ್ನೋದು. ಆಮೇಲೆ ರಾಜಕೀಯ. 2025ರ ದೀಪಾವಳಿಗೆ ಆರೋಗ್ಯ ವಿಮೆಯೂ ಈ ಸಾಲಿಗೆ ಸೇರಿತು.

ಕಾರಣವಿತ್ತು. ಜಿಎಸ್‌ಟಿ ಬದಲಾವಣೆಯನ್ನು ಪ್ರಧಾನಿಯವರು ಆಗಸ್ಟ್ 15ರ ಭಾಷಣದಲ್ಲೇ ದೀಪಾವಳಿ ಉಡುಗೊರೆ ಅಂತ ಹೇಳಿದ್ದರು. ಸೆಪ್ಟೆಂಬರ್ 3ರಂದು ಜಿಎಸ್‌ಟಿ ಮಂಡಳಿ ಒಪ್ಪಿತು. ಸೆಪ್ಟೆಂಬರ್ 22, ನವರಾತ್ರಿಯ ಮೊದಲ ದಿನ, ಜಾರಿಗೆ ಬಂತು. ಒಬ್ಬರೇ ಆಗಲಿ, ಮನೆಮಂದಿಯೆಲ್ಲ ಸೇರಿ ಆಗಲಿ, ಸ್ವಂತವಾಗಿ ಮಾಡಿಸಿದ ಆರೋಗ್ಯ ಪಾಲಿಸಿಯ ಮೇಲಿದ್ದ 18 ಪರ್ಸೆಂಟ್ ತೆರಿಗೆ ಪೂರ್ತಿ ಹೋಯಿತು. ಅದರ ಹಿಂದಿನ ವರ್ಷವೂ ಹೀಗೇ. 70 ದಾಟಿದವರಿಗೆಲ್ಲ, ಆದಾಯ ಎಷ್ಟೇ ಇರಲಿ, ಆಯುಷ್ಮಾನ್ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷದ ಚಿಕಿತ್ಸೆ ಅಂತ ಶುರು ಮಾಡಿದ್ದು 2024ರ ಅಕ್ಟೋಬರ್ 29ರಂದು, ಧನ್ವಂತರಿ ಜಯಂತಿಯ ದಿನ. ಹಬ್ಬ ನೋಡಿಕೊಂಡು ಕೊಟ್ಟದ್ದರ ಪಂಚಾಯಿತಿ ಹಬ್ಬದ ಮನೆಯಲ್ಲೇ ನಡೆಯಬೇಕಲ್ವಾ?

ನಮ್ಮ ಮನೆಯಲ್ಲೂ ನಡೆಯಿತು, ಬಲಿಪಾಡ್ಯಮಿಯ ಮಧ್ಯಾಹ್ನ. ಶುರು ಮಾಡಿದ್ದು ಭಾವ. ನವೀಕರಣದ ನೋಟಿಸು ಫೋನಿನಲ್ಲಿ ತೋರಿಸಿ, "ನೋಡಿ, 7,200 ರೂಪಾಯಿ ಉಳಿಯಿತು" ಅಂದರು. ಅವರ ವರ್ಷದ ಪ್ರೀಮಿಯಂ 40,000. ಮೊದಲು ತೆರಿಗೆ ಸೇರಿ 47,200 ಕಟ್ಟುತ್ತಿದ್ದರು. ನನ್ನ ತಮ್ಮನ ಮಗ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾನೆ. ಅವನು, "ನನಗೇನೂ ಉಳಿದಿಲ್ಲ ಮಾವ" ಅಂದ. ಅವನದ್ದು ಕಂಪನಿ ಪಾಲಿಸಿ. ಗುಂಪು ಪಾಲಿಸಿಗೆ ಈ ವಿನಾಯಿತಿ ಇಲ್ಲ. ಅಪ್ಪ ಅಮ್ಮನನ್ನು ಅದಕ್ಕೇ ಸೇರಿಸಿದ್ದಾನೆ, ಅವರ ಪಾಲಿನ ದುಡ್ಡು ಸಂಬಳದಲ್ಲಿ ಹಿಡಿಯುತ್ತಾರೆ. ಅದರ ಮೇಲೂ 18 ಪರ್ಸೆಂಟ್ ಹಾಗೇ ಇದೆ.

ಚಿಕ್ಕಪ್ಪ ನಕ್ಕರು. ಅವರು ಹಾಲಿನ ಡೈರಿ ಸದಸ್ಯರು. "ನಿಮ್ಮದೆಲ್ಲ ಸಾವಿರದ ಲೆಕ್ಕ ಕಣಪ್ಪ. ನಾನು ಯಶಸ್ವಿನಿಗೆ ಕಟ್ಟೋದು ವರ್ಷಕ್ಕೆ 500, ಮನೆಯ ನಾಲ್ಕು ಜನಕ್ಕೆ" ಅಂದರು. ಯಶಸ್ವಿನಿ ಆರೋಗ್ಯ ಯೋಜನೆ ನಮ್ಮ ರಾಜ್ಯದ್ದೇ ಕೂಸು. 2003ರಲ್ಲಿ ಸಹಕಾರ ಸಂಘಗಳ ರೈತರಿಗೆ ಅಂತ ಹುಟ್ಟಿದ್ದು, ಡಾ. ದೇವಿ ಶೆಟ್ಟಿಯವರ ಯೋಚನೆ. ಆಗ ಒಬ್ಬರಿಗೆ ತಿಂಗಳಿಗೆ 5 ರೂಪಾಯಿ ಲೆಕ್ಕ. 2018ರಲ್ಲಿ ಅದನ್ನು ರಾಜ್ಯದ ಆರೋಗ್ಯ ಕರ್ನಾಟಕ ಯೋಜನೆಯೊಳಗೆ ಸೇರಿಸಿಬಿಟ್ಟರು. ಸಹಕಾರಿಗಳು ಸುಮ್ನೆ ಕೂರಲಿಲ್ಲ, ಕೇಳುತ್ತಲೇ ಇದ್ದರು. ಕೆಲವು ವರ್ಷ ಬಿಟ್ಟು ಮತ್ತೆ ಬೇರೆಯಾಗಿ ಶುರುವಾಯಿತು, ಈಗ ಮಿತಿ 5 ಲಕ್ಷ.

ಹೀಗೆ ಒಂದೇ ಜಗಲಿಯಲ್ಲಿ ಮೂರು ಕಾರ್ಡು. ಒಬ್ಬೊಬ್ಬರೂ ಅವರವರ ಕಾರ್ಡು ಹಿಡಿದುಕೊಂಡೇ ದೇಶದ ಲೆಕ್ಕ ಮಾತಾಡುತ್ತಾರೆ. ಭಾವನಿಗೆ ಸುಧಾರಣೆ ಬಂದಿದೆ, ಹುಡುಗನಿಗೆ ಬಂದಿಲ್ಲ, ಚಿಕ್ಕಪ್ಪನಿಗೆ ಅದರ ಗೊಡವೆಯೇ ಇಲ್ಲ. ಮೂವರೂ ಹೇಳಿದ್ದು ನಿಜವೇ. ಆದರೆ ಹತ್ತು ನಿಮಿಷದಲ್ಲಿ ಮಾತು ಯಾವ ಸರ್ಕಾರ ಕೊಟ್ಟಿತು, ಯಾವುದು ಕಿತ್ತುಕೊಂಡಿತು ಅನ್ನುವ ಕಡೆ ಹೊರಳಿತು. ಆಯುಷ್ಮಾನ್ ಖರ್ಚಿನಲ್ಲಿ ಕೇಂದ್ರದ ಪಾಲು 60, ರಾಜ್ಯದ್ದು 40. ಬೋರ್ಡಿನ ಮೇಲೆ ಯಾರ ಫೋಟೋ ದೊಡ್ಡದಿರಬೇಕು ಅನ್ನುವ ಜಗಳಕ್ಕೆ ಇಷ್ಟು ಸಾಕು.

ಭಾವನ 7,200ಕ್ಕೆ ಮತ್ತೆ ಬರೋಣ. ಅವರು ಹಿರಿಯ ನಾಗರಿಕರು. ಅಂಥವರ ಪ್ರೀಮಿಯಂ ಅನ್ನು ವರ್ಷಕ್ಕೆ 10 ಪರ್ಸೆಂಟಿಗಿಂತ ಜಾಸ್ತಿ ಏರಿಸಬೇಕಾದರೆ ಮೊದಲು ನಮ್ಮ ಹತ್ತಿರ ಬನ್ನಿ ಅಂತ ವಿಮಾ ನಿಯಂತ್ರಣ ಪ್ರಾಧಿಕಾರ 2025ರ ಜನವರಿಯಲ್ಲಿ ಕಂಪನಿಗಳಿಗೆ ಹೇಳಿದೆ. ಒಳ್ಳೆಯದೇ. ಆದರೆ ಯಾರನ್ನೂ ಕೇಳದೆ 10 ಏರಿಸಬಹುದು ಅಂತಲೂ ಆಯಿತಲ್ಲ? 40,000 ಮುಂದಿನ ವರ್ಷ 44,000. ಅದರ ಮುಂದಿನ ವರ್ಷ 48,400. ತೆರಿಗೆ ಇದ್ದಾಗ ಕಟ್ಟುತ್ತಿದ್ದದ್ದು 47,200. ಎರಡು ನವೀಕರಣಕ್ಕೆ ಉಡುಗೊರೆ ಕರಗಬಹುದು. ನಾನು ಈ ಲೆಕ್ಕ ಹಾಕಿ ತೋರಿಸಿದೆ. ಭಾವನಿಗೆ ಕಜ್ಜಾಯ ಕಹಿಯಾಯಿತು.

ಅಷ್ಟರಲ್ಲಿ ಅಕ್ಕ ಒಳಗಿಂದ ಹಳೇ ಫೈಲು ತಂದು ಇಟ್ಟಳು. ಕೆಲವು ವರ್ಷದ ಹಿಂದೆ ಭಾವನಿಗೆ ಪಿತ್ತಕೋಶದ ಕಲ್ಲಿನ ಆಪರೇಷನ್ ಆಗಿತ್ತು. ಆಗ ಇದ್ದದ್ದು 3 ಲಕ್ಷದ ಪಾಲಿಸಿ. 3 ಲಕ್ಷ ಇದೆಯಲ್ಲ ಅಂತ ಧೈರ್ಯವಾಗಿ 6,000ದ ರೂಮು ತಗೊಂಡರು. ಪಾಲಿಸಿಯಲ್ಲಿ ರೂಮಿನ ಬಾಡಿಗೆ ದಿನಕ್ಕೆ ವಿಮಾ ಮೊತ್ತದ 1 ಪರ್ಸೆಂಟ್, ಅಂದರೆ 3,000 ಅಂತ ಇತ್ತು. ಜಾಸ್ತಿ ಆದ ಬಾಡಿಗೆ ಕೈಯಿಂದ ಕೊಟ್ಟರಾಯಿತು ಅಂದುಕೊಂಡಿದ್ದರು. ಹಾಗಾಗಲಿಲ್ಲ. ಅರ್ಹತೆಯ ಎರಡರಷ್ಟು ಬಾಡಿಗೆಯ ರೂಮು, ಅದಕ್ಕೇ ಸರ್ಜನ್ ಫೀಸು, ಅರಿವಳಿಕೆ ವೈದ್ಯರ ಫೀಸು, ಥಿಯೇಟರ್ ಚಾರ್ಜು ಎಲ್ಲದರಲ್ಲೂ ಅರ್ಧ ಕಡಿತ. ಬಾಡಿಗೆಯಲ್ಲಿ ಹೋದದ್ದು ಸ್ವಲ್ಪ, ಇವುಗಳಲ್ಲಿ ಹೋದದ್ದೇ ಜಾಸ್ತಿ. ಔಷಧಿ, ಪರೀಕ್ಷೆಗಳ ದುಡ್ಡನ್ನು ಈ ಲೆಕ್ಕದಲ್ಲಿ ಕಡಿತ ಮಾಡುವ ಹಾಗಿಲ್ಲ ಅಂತ ನಿಯಮವಿದೆ. ಗ್ಲೌಸು, ಮಾಸ್ಕಿನಂಥವು ವಿಮೆ ದುಡ್ಡು ಕೊಡದ ವಸ್ತುಗಳ ಪಟ್ಟಿಯಲ್ಲಿ ಹೋದವು. ಅಕ್ಕ ಒಂದೊಂದು ಸಾಲನ್ನೂ ಬೆರಳಿಟ್ಟು ಓದಿದಳು. ಅಲ್ಲಿಯವರೆಗೆ ಪಕ್ಷಗಳ ಬಗ್ಗೆ ಅಷ್ಟು ಮಾತಾಡಿದವರೆಲ್ಲ ತಮ್ಮ ತಮ್ಮ ಫೋನ್ ತೆಗೆದು ತಮ್ಮ ಪಾಲಿಸಿಯಲ್ಲಿ ರೂಮಿನ ಮಿತಿ ಎಷ್ಟು ಅಂತ ಹುಡುಕತೊಡಗಿದರು.

2024ರಲ್ಲಿ ಬಂದ ನಿಯಮಗಳನ್ನು ಇಲ್ಲೇ ಹೇಳಿಬಿಡುತ್ತೇನೆ. 65 ದಾಟಿದವರಿಗೆ ಹೊಸ ಪಾಲಿಸಿ ಇಲ್ಲ ಅನ್ನುವ ವಯಸ್ಸಿನ ಗೆರೆ ಈಗಿಲ್ಲ. ಮೊದಲೇ ಇದ್ದ ಸಕ್ಕರೆ ಕಾಯಿಲೆ, ಬಿಪಿಗೆ ಕಾಯಿಸುವ ಅವಧಿ ನಾಲ್ಕು ವರ್ಷದಿಂದ ಹೆಚ್ಚೆಂದರೆ ಮೂರು ವರ್ಷಕ್ಕೆ ಇಳಿಯಿತು. ಡಿಸ್ಚಾರ್ಜ್ ಅಂತ ಆಸ್ಪತ್ರೆಯಿಂದ ಕೋರಿಕೆ ಹೋದಮೇಲೆ ಮೂರು ಗಂಟೆಯೊಳಗೆ ಕ್ಯಾಶ್‌ಲೆಸ್ ಒಪ್ಪಿಗೆ ಕೊಡಬೇಕು. ತಡವಾಗಿ ಆಸ್ಪತ್ರೆ ಜಾಸ್ತಿ ದುಡ್ಡು ಕೇಳಿದರೆ ಅದು ಕಂಪನಿಯ ತಲೆಗೆ. ಕ್ಲೇಮಿನಲ್ಲಿ ಅನ್ಯಾಯ ಅನ್ನಿಸಿದರೆ ಮೊದಲು ಕಂಪನಿಗೆ ಬರೆಯಿರಿ. ಬಗೆಹರಿಯದಿದ್ದರೆ ಬೆಂಗಳೂರಿನಲ್ಲಿ ಇಂಥ ದೂರು ವಿಚಾರಿಸುವ ವಿಮಾ ಒಂಬುಡ್ಸ್‌ಮನ್ ಕಚೇರಿ ಇದೆ. ಫೀಸಿಲ್ಲ, ವಕೀಲರು ಬೇಕಿಲ್ಲ. ಆವತ್ತು ನಮ್ಮ ಜಗಲಿಯಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ, ಅಕ್ಕನೊಬ್ಬಳನ್ನು ಬಿಟ್ಟು.

ನನಗೆ ಅನ್ನಿಸುವುದು ಇಷ್ಟು. ತೆರಿಗೆ, ಕಾರ್ಡು, ಫೋಟೋ ಬಗ್ಗೆ ನಾವು ಗಂಟೆಗಟ್ಟಲೆ ಹೊಡೆದಾಡುತ್ತೇವೆ. ಪ್ರೀಮಿಯಂ ಏರುವುದೋ ಆಸ್ಪತ್ರೆ ಬಿಲ್ಲಿನ ಹಿಂದೆಯೇ. ಆ ಬಿಲ್ಲಿನ ದರ ಯಾರು ನಿಗದಿ ಮಾಡುತ್ತಾರೆ ಅನ್ನೋದು ಹಬ್ಬದ ಮಾತಿಗೆ ಬರುವುದೇ ಅಪರೂಪ. ಕರ್ನಾಟಕ ಒಮ್ಮೆ ಅದಕ್ಕೆ ಕೈಹಾಕಿತ್ತು. 2017ರಲ್ಲಿ ರಮೇಶ್ ಕುಮಾರ್ ಆರೋಗ್ಯ ಸಚಿವರಾಗಿದ್ದಾಗ ಖಾಸಗಿ ಆಸ್ಪತ್ರೆಗಳ ದರ ನಿಗದಿಗೆ ಮಸೂದೆ ತಂದರು. ಖಾಸಗಿ ವೈದ್ಯರು ಮುಷ್ಕರ ಹೂಡಿದರು, ರೋಗಿಗಳು ಊರೂರು ಅಲೆದರು. ಕೊನೆಗೆ ಮಸೂದೆ ಮೆತ್ತಗಾಯಿತು. ದರ ನಿಗದಿ ಸರ್ಕಾರಿ ಯೋಜನೆಗಳ ಚಿಕಿತ್ಸೆಗಷ್ಟೇ ಉಳಿಯಿತು.

ಈ ಮಾತು ಎತ್ತಿದ್ದೇ ತಡ, ಅಕ್ಕನ ಸೊಸೆ ಎದ್ದು ಬಂದಳು. ಅವಳು ತಾಲೂಕಿನ ನರ್ಸಿಂಗ್ ಹೋಮಿನಲ್ಲಿ ಡಾಕ್ಟರು. "ಸರ್ಕಾರದ ಪ್ಯಾಕೇಜ್ ರೇಟಿಗೆ ಆಪರೇಷನ್ ಮಾಡಿದ್ರೆ ಕರೆಂಟ್ ಬಿಲ್ಲೂ ಹುಟ್ಟಲ್ಲ ಮಾವ. ಆ ದುಡ್ಡೂ ತಿಂಗಳಾನುಗಟ್ಟಲೆ ಬರಲ್ಲ" ಅಂದಳು. ಅವಳ ಮಾತಿನಲ್ಲೂ ಹುರುಳಿದೆ. ಚಿಕ್ಕಪ್ಪ ಬಿಡಲಿಲ್ಲ. "ಹುಟ್ಟೋ ರೇಟು ಎಷ್ಟು ಅಂತ ಬೋರ್ಡಿನಲ್ಲಿ ಬರೆದುಬಿಡಮ್ಮ, ನೋಡೋಣ" ಅಂದರು. ಬರೆಯಲೇಬೇಕು ಅಂತ ಕಾಯಿದೆಯೇ ಇದೆ ಎಂದಳು ಅವಳು. ಅವಳ ನರ್ಸಿಂಗ್ ಹೋಮಿನಲ್ಲಿ ಆ ಬೋರ್ಡು ಎಲ್ಲಿದೆ ಅಂತ ಎಲ್ಲರೂ ಒಟ್ಟಿಗೆ ಕೇಳಿದೆವು. ಜಗಳ ಅಲ್ಲಿಂದ ಮತ್ತೆ ಹೊಸದಾಗಿ ಶುರುವಾಯಿತು. ನಿಮ್ಮ ಮನೆಯಲ್ಲಿ ಮುಂದಿನ ಹಬ್ಬಕ್ಕೆ ಈ ಮಾತು ಬಂದರೆ ಅಲ್ಲಿಂದಲೇ ಶುರು ಮಾಡಿ.

ನಮಸ್ಕಾರ.