ಎಸೆಯೋಕೆ ಎಡಗೈ, ಬೌಲಿಂಗಿಗೆ ಬಲಗೈ

ಎಲ್ಲರಿಗೂ ನಮಸ್ಕಾರ. ನಮ್ಮ ಸ್ಪಿನ್ನರ್‌ಗಳ ಬಗ್ಗೆ ಮಾತಾಡಿ ಅಂದಾಗ ಪ್ರಸನ್ನ, ಚಂದ್ರ, ಕುಂಬ್ಳೆ ಮೂವರೂ ಒಟ್ಟಿಗೆ ನೆನಪಾದರು. ಮೂವರನ್ನೂ ಒಂದೇ ಸಂಜೆ ಮುಗಿಸೋಕೆ ಹೋದರೆ ಮೂವರಿಗೂ ಅನ್ಯಾಯ. ಹಾಗಾಗಿ ಇವತ್ತು ಚಂದ್ರ ಒಬ್ಬರೇ. ಅದೂ 1971ರವರೆಗೆ ಮಾತ್ರ.

ಬಿ.ಎಸ್. ಚಂದ್ರಶೇಖರ್ ಬೌಲಿಂಗ್ ಮಾಡುತ್ತಿರುವ ಹಳೆಯ ಫೋಟೊಗಳನ್ನು ನೆನಪು ಮಾಡಿಕೊಳ್ಳಿ. ಅಂಗಿಯ ತೋಳು ಮಣಿಕಟ್ಟಿನವರೆಗೆ ಇಳಿದಿರುತ್ತದೆ, ಗುಂಡಿ ಹಾಕಿರುತ್ತದೆ. ನಾವು ಹುಡುಗರು ಅದನ್ನು ಸ್ಟೈಲ್ ಅಂದುಕೊಂಡಿದ್ದೆವು. ತೋಳಿಗೆ ಗುಂಡಿ ಹಾಕಿಕೊಂಡು ಬೀದಿಯಲ್ಲಿ ಬಾಲ್ ಹಾಕುತ್ತಿದ್ದೆವು. ಬಾಲ್ ತಿರುಗಲಿಲ್ಲ. ಗುಂಡಿ ಕಿತ್ತುಹೋಗಿ ಅಮ್ಮನ ಹತ್ತಿರ ಬೈಸಿಕೊಂಡಿದ್ದಷ್ಟೇ ಬಂತು.

ಆ ತೋಳಿನೊಳಗೆ ಇದ್ದದ್ದು ಪೋಲಿಯೊ ಬಂದು ಸಣ್ಣಗಾದ ಕೈ. ಚಂದ್ರ ಹುಟ್ಟಿದ್ದು 1945ರ ಮೇ 17ರಂದು, ಮೈಸೂರಿನಲ್ಲಿ. ಐದಾರು ವರ್ಷದವರಿದ್ದಾಗ ಬಲಗೈಗೆ ಪೋಲಿಯೊ ಆಯಿತು. ಹತ್ತು ವರ್ಷದ ಹೊತ್ತಿಗೆ ಕೈ ತಕ್ಕಮಟ್ಟಿಗೆ ಆಡುವ ಹಾಗಾಯಿತು, ಆದರೆ ಬಲ ಬರಲಿಲ್ಲ. ಫೀಲ್ಡಿಂಗ್ ಮಾಡುವಾಗ ಬಾಲ್ ಎಸೆಯುತ್ತಿದ್ದದ್ದು ಎಡಗೈಯಲ್ಲಿ. ಬೌಲಿಂಗ್ ಮಾತ್ರ ಅದೇ ಬಲಗೈಯಲ್ಲಿ. ವಿಚಿತ್ರ ಅಲ್ವಾ?

ಈ ಕಥೆಯನ್ನು ನಾವು ಸಾಮಾನ್ಯವಾಗಿ ಹೇಗೆ ಹೇಳುತ್ತೇವೆ? ಪೋಲಿಯೊ ಇದ್ದರೂ ಗೆದ್ದರು, ಛಲ ಬಿಡಲಿಲ್ಲ, ಮಕ್ಕಳೇ ನೀವೂ ಹಾಗೇ ಆಗಿ. ನನಗೆ ಈ ವರಸೆ ಅಷ್ಟಾಗಿ ಹಿಡಿಸುವುದಿಲ್ಲ. ಹಾಗೆ ಹೇಳಿದರೆ ಅವರ ಬೌಲಿಂಗ್ ಪಕ್ಕಕ್ಕೆ ಸರಿದು ಕಾಯಿಲೆಯೇ ಮುಂದೆ ಬಂದು ಕೂರುತ್ತದೆ.

ಬೌಲಿಂಗನ್ನೇ ನೋಡೋಣ. ಬುಗುರಿ ಆಡಿದವರಿಗೆ ಒಂದು ವಿಷಯ ಗೊತ್ತಿರುತ್ತದೆ. ಚಾಟಿ ಹಗ್ಗದಷ್ಟು ದಪ್ಪ ಇದ್ದರೆ ಬುಗುರಿ ಸರಿಯಾಗಿ ತಿರುಗುವುದಿಲ್ಲ. ಚಾಟಿ ಸಣ್ಣಗಿರಬೇಕು, ಬಳುಕಬೇಕು. ಚಂದ್ರ ಅವರ ಕೈ ಆ ಚಾಟಿಯ ಹಾಗೆ. ಉದ್ದಕ್ಕೆ ಓಡಿಬಂದು, ಆ ಬಳುಕುವ ಕೈಯನ್ನು ಬೀಸುತ್ತಿದ್ದರು. ಕೊನೆಯಲ್ಲಿ ಮಣಿಕಟ್ಟು ಪಟ್ ಅಂತ ತಿರುಗುತ್ತಿತ್ತು. ಬಾಲ್ ಹೆಚ್ಚುಕಡಿಮೆ ಮೀಡಿಯಂ ಪೇಸ್ ವೇಗದಲ್ಲಿ ಬಂದು ಪುಟಿಯುತ್ತಿತ್ತು. ಬೇರೆ ಲೆಗ್ ಸ್ಪಿನ್ನರ್‌ಗಳು ಗೂಗ್ಲಿಯನ್ನು, ಅಂದರೆ ಲೆಗ್ ಸ್ಪಿನ್ನಿನ ಹಾಗೇ ಕಂಡು ಉಲ್ಟಾ ತಿರುಗುವ ಬಾಲನ್ನು, ಬಚ್ಚಿಟ್ಟುಕೊಂಡು ಯಾವಾಗಲೋ ಒಮ್ಮೆ ಹಾಕುತ್ತಾರೆ. ಇವರಿಗೆ ಗೂಗ್ಲಿಯೇ ದಿನನಿತ್ಯದ ಊಟ. ನಿಧಾನದ ಸ್ಪಿನ್ನರ್ ಆದರೆ ಬಾಲ್ ನೆಲಕ್ಕೆ ಬಿದ್ದ ಮೇಲೂ ಬ್ಯಾಟ್ಸ್‌ಮನ್‌ಗೆ ಯೋಚಿಸೋಕೆ ಒಂದು ಕ್ಷಣ ಸಿಗುತ್ತದೆ. ಇಲ್ಲಿ ಆ ಕ್ಷಣವೇ ಇಲ್ಲ. ಒಮ್ಮೊಮ್ಮೆ ಏನು ಹಾಕುತ್ತೇನೆ ಅಂತ ತಮಗೇ ಗೊತ್ತಿರುತ್ತಿರಲಿಲ್ಲ ಅಂತ ಅವರೇ ಹೇಳಿಕೊಂಡಿದ್ದಾರೆ. ಇನ್ನು ಎದುರಿಗಿರುವವನ ಪಾಡು ಕೇಳಬೇಕೆ!

ಆದರೆ ಸಣ್ಣ ಕೈಯೊಂದರಿಂದಲೇ ಇದೆಲ್ಲ ಬರಲಿಲ್ಲ. ಮನೆಯವರು ಬೆಂಗಳೂರಿಗೆ ಬಂದಿದ್ದರು. ಬೀದಿಯಲ್ಲಿ ರಬ್ಬರ್ ಬಾಲಿನ ಆಟ. ಲೆದರ್ ಬಾಲಿನಲ್ಲಿ ಆಡುವ ಆಸೆಗೆ ಸಿಟಿ ಕ್ರಿಕೆಟರ್ಸ್ ಕ್ಲಬ್ ಸೇರಿದರು. ಅಲ್ಲಿ ಫಾಸ್ಟ್ ಬೌಲಿಂಗ್ ಸೇರಿ ಎಲ್ಲವನ್ನೂ ಹಾಕಿ ನೋಡಿದರು. ಆ ಉದ್ದದ ಓಟ, ಆ ವೇಗ ಉಳಿದುಕೊಂಡದ್ದು ಆಗಿನಿಂದಲೇ ಇರಬೇಕು ಅಂತ ನನ್ನ ಊಹೆ. ಲೆಗ್ ಸ್ಪಿನ್ನೇ ಸರಿ ಅಂತ ಗಟ್ಟಿ ಮಾಡಿಕೊಂಡದ್ದು 1963ರಲ್ಲಿ.

ಮುಂದಿನದ್ದು ಓಟವೋ ಓಟ. ಅದೇ ಸೀಸನ್ನಿನಲ್ಲಿ ಮೈಸೂರು ರಾಜ್ಯಕ್ಕೆ ರಣಜಿ ಆಡಿದರು. 1964ರ ಜನವರಿಯಲ್ಲಿ ಬಾಂಬೆಯ ಬ್ರೆಬೋರ್ನ್ ಸ್ಟೇಡಿಯಂನಲ್ಲಿ ಇಂಗ್ಲೆಂಡ್ ವಿರುದ್ಧ ಟೆಸ್ಟ್. ಇನ್ನೂ 19 ತುಂಬಿರಲಿಲ್ಲ. ಮೊದಲ ಇನಿಂಗ್ಸಿನಲ್ಲಿ 67 ರನ್ನಿಗೆ 4 ವಿಕೆಟ್. ಅದೇ ವರ್ಷ ಅಕ್ಟೋಬರಿನಲ್ಲಿ, ಅದೇ ಮೈದಾನದಲ್ಲಿ, ಆಸ್ಟ್ರೇಲಿಯಾ ವಿರುದ್ಧ 8 ವಿಕೆಟ್. ಆ ಪಂದ್ಯವನ್ನು ನಾವು ಎರಡೇ ವಿಕೆಟ್ ಅಂತರದಲ್ಲಿ ಗೆದ್ದೆವು. 1966ರ ಡಿಸೆಂಬರಿನಲ್ಲಿ, ಮತ್ತೆ ಬಾಂಬೆಯಲ್ಲೇ, ವೆಸ್ಟ್ ಇಂಡೀಸ್ ವಿರುದ್ಧ ಒಂದೇ ಟೆಸ್ಟಿನಲ್ಲಿ 11 ವಿಕೆಟ್. ಪಂದ್ಯ ಮಾತ್ರ ಸೋತೆವು. 1967ರ ಇಂಗ್ಲೆಂಡ್ ಪ್ರವಾಸದ ಮೂರು ಟೆಸ್ಟಿನಲ್ಲಿ 16 ವಿಕೆಟ್.

ಇಲ್ಲಿಗೆ ಅವರಿಗೆ 22 ವರ್ಷ. ಆಮೇಲೆ ಎಲ್ಲ ನಿಂತುಹೋಯಿತು.

ಆಸ್ಟ್ರೇಲಿಯಾ ಪ್ರವಾಸದಲ್ಲಿ ಗಾಯ, ಊರಿಗೆ ಬಂದ ಮೇಲೆ ಸ್ಕೂಟರ್ ಅಪಘಾತ. ಮೂರು ವರ್ಷಕ್ಕೂ ಜಾಸ್ತಿ ಟೆಸ್ಟ್ ತಂಡದ ಹೊರಗೆ. ಇಂಥ ಬೌಲರ್‌ಗೆ ಹೊರಗೆ ಕೂರುವುದು ಬಲು ಕಷ್ಟ ನೋಡಿ. ಅಚ್ಚುಕಟ್ಟಾಗಿ ಒಂದೇ ಜಾಗಕ್ಕೆ ಬಾಲ್ ಹಾಕುವವರನ್ನು ಕರೆಯೋಕೆ ಯಾರೂ ಹಿಂಜರಿಯುವುದಿಲ್ಲ. ಒಂದು ಓವರಿನಲ್ಲಿ ಎರಡು ಫೋರ್ ಹೊಡೆಸಿಕೊಂಡು, ಮುಂದಿನ ಓವರಿನಲ್ಲಿ ಎರಡು ವಿಕೆಟ್ ಕೀಳುವವರನ್ನು ಕರೆಯೋಕೆ ಧೈರ್ಯ ಬೇಕು. ಅವರ ಬ್ಯಾಟಿಂಗನ್ನು ನೆಚ್ಚಿಕೊಳ್ಳುವ ಹಾಗೂ ಇರಲಿಲ್ಲ. ಇಡೀ ಟೆಸ್ಟ್ ಬದುಕಿನಲ್ಲಿ 242 ವಿಕೆಟ್ ತೆಗೆದವರು ಹೊಡೆದದ್ದು 167 ರನ್!

1971ರಲ್ಲಿ ನಾಯಕ ವಾಡೇಕರ್ ಅವರ ತಂಡದ ಜೊತೆ ಅವರನ್ನು ಇಂಗ್ಲೆಂಡಿಗೆ ಕಳಿಸಿದ್ದು ಒಂದು ರೀತಿಯ ಜೂಜೇ. ಅಷ್ಟು ಹೊತ್ತಿಗೆ ಇನ್ನೊಂದು ವಿಷಯ ಬದಲಾಗಿತ್ತು, ನಾವು ಅದನ್ನು ಹೇಳುವುದು ಕಡಿಮೆ. ಬ್ಯಾಟಿನ ಹತ್ತಿರ ನಿಂತು ಕ್ಯಾಚ್ ಹಿಡಿಯುವವರು ಬಂದಿದ್ದರು. ಶಾರ್ಟ್ ಲೆಗ್‌ನಲ್ಲಿ ಸೋಲ್ಕರ್. ಜೊತೆಗೆ ವೆಂಕಟರಾಘವನ್, ವಾಡೇಕರ್, ಅಬಿದ್ ಅಲಿ. ಗೂಗ್ಲಿ ಬ್ಯಾಟಿಗೋ ಗ್ಲವ್ಸಿಗೋ ತಾಗಿ ಹಾರಿದಾಗ ಅಲ್ಲಿ ಕೈ ಇಲ್ಲದಿದ್ದರೆ ಎಂಥ ಬೌಲರ್ ಇದ್ದು ಏನು ಪ್ರಯೋಜನ? (ನಮ್ಮ ಪ್ರಸನ್ನ ಆ ಸರಣಿಯಲ್ಲಿ ಒಂದೂ ಟೆಸ್ಟ್ ಆಡಲಿಲ್ಲ. ಅದು ಇನ್ನೊಂದು ದಿನದ ಜಗಳ.)

ಲಂಡನ್ನಿನ ಓವಲ್ ಮೈದಾನದ ಟೆಸ್ಟ್. ಇಂಗ್ಲೆಂಡಿನ ಎರಡನೇ ಇನಿಂಗ್ಸ್. ಜೇಮ್ಸನ್ ಔಟಾದದ್ದು ಅದೃಷ್ಟದಿಂದ. ಲಕ್‌ಹರ್ಸ್ಟ್ ನೇರಕ್ಕೆ ಹೊಡೆದ ಬಾಲ್ ಚಂದ್ರ ಅವರ ಕೈ ಸವರಿಕೊಂಡು ಹೋಗಿ ಸ್ಟಂಪಿಗೆ ಬಡಿಯಿತು, ಆ ಕಡೆ ಕ್ರೀಸ್ ಬಿಟ್ಟಿದ್ದ ಜೇಮ್ಸನ್ ರನ್ ಔಟ್. ಆಮೇಲೆ ಎಡಗೈ ಬ್ಯಾಟ್ಸ್‌ಮನ್ ಎಡ್ರಿಚ್ ಬಂದರು. ಚಂದ್ರ ಗೂಗ್ಲಿ ಹಾಕೋಣ ಅಂತಿದ್ದರು. ಅಷ್ಟರಲ್ಲಿ ನಮ್ಮ ತಂಡದ ಸರ್ದೇಸಾಯಿ "ಮಿಲ್ ರೀಫ್ ಹಾಕು" ಅಂದರಂತೆ. ಮಿಲ್ ರೀಫ್ ಅಂದರೆ ಆ ವರ್ಷ ಇಂಗ್ಲೆಂಡಿನ ಡರ್ಬಿ ರೇಸ್ ಗೆದ್ದ ಕುದುರೆ. ತಂಡದೊಳಗೆ ಚಂದ್ರ ಅವರ ವೇಗದ ಬಾಲಿಗೆ ಅದೇ ಹೆಸರು. ಹಾಕಿದರು. ಬ್ಯಾಟ್ ಕೆಳಗೆ ಬರುವಷ್ಟರಲ್ಲಿ ಸ್ಟಂಪ್ ಹೋಗಿತ್ತು. ಮುಂದಿನ ಬಾಲಿಗೇ ಫ್ಲೆಚರ್, ಸೋಲ್ಕರ್ ಕೈಗೆ. ಊಟದ ಹೊತ್ತಿಗೆ ಇಂಗ್ಲೆಂಡ್ 3 ವಿಕೆಟಿಗೆ 24.

ಕೊನೆಗೆ 101ಕ್ಕೆ ಆಲ್ ಔಟ್. ಚಂದ್ರ ಅವರಿಗೆ 38 ರನ್ನಿಗೆ 6 ವಿಕೆಟ್. ಮರುದಿನ 4 ವಿಕೆಟಿನಿಂದ ಗೆದ್ದೆವು. ಇಂಗ್ಲೆಂಡಿನ ನೆಲದಲ್ಲಿ ಭಾರತ ಟೆಸ್ಟ್ ಗೆದ್ದದ್ದು ಅದೇ ಮೊದಲು, ಸರಣಿಯೂ ನಮ್ಮದೇ. ಚಂದ್ರ ಅವರಿಗೆ ಆಗ 26. ಮೆಲ್ಬರ್ನಿನಲ್ಲಿ ಎರಡೂ ಇನಿಂಗ್ಸಿನಲ್ಲಿ 52 ರನ್ನಿಗೆ 6 ವಿಕೆಟ್ ತೆಗೆದದ್ದು ಇನ್ನೂ ಆರು ವರ್ಷ ಆಚೆ ಇತ್ತು. ಅದನ್ನು ಇವತ್ತು ಶುರು ಮಾಡಿದರೆ ಹಾಲ್ ಬಾಗಿಲು ಹಾಕುವವರು ಬೈತಾರೆ. ಪ್ರಶ್ನೆ ಇದ್ದರೆ ಕೇಳಿ.